ಓದುಗರ ಪ್ರಶ್ನೆ: ಪವರ್ ವೀಡರ್ ಎಂಜಿನ್ ಬಿಚ್ಚಿಸುವ ಮುನ್ನ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟದಲ್ಲಿ ಪ್ರತಿ ಕಟಾವಿನ ನಂತರ ಸಾಲುಗಳ ನಡುವೆ ಕಳೆ ತೆಗೆದು ಮಣ್ಣು ಸಡಿಲಿಸಲು 7 ಎಚ್‌ಪಿ ಪೆಟ್ರೋಲ್ ಪವರ್ ವೀಡರ್ ಬಳಸುತ್ತೇವೆ. ಮೂರು ವರ್ಷ ಚೆನ್ನಾಗಿ ದುಡಿದ ಯಂತ್ರ ಈಗ ಹಗ್ಗ ಎಷ್ಟು ಎಳೆದರೂ ಬೇಗ ಚಾಲೂ ಆಗುವುದಿಲ್ಲ. ಚಾಲೂ ಆದರೂ ಕಪ್ಪು ಹೊಗೆ ಬರುತ್ತದೆ, ಮಣ್ಣಿಗೆ ಇಳಿಸಿದೊಡನೆ ನಿಂತುಹೋಗುತ್ತದೆ. ಬ್ಲೇಡಿನ ಶಾಫ್ಟ್ ಬಳಿ ಎಣ್ಣೆಯೂ ಜಿನುಗುತ್ತಿದೆ. ಎಂಜಿನ್ ಬೋರ್ ಮಾಡಿಸಬೇಕೆಂದು, ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ ಸರಿಪಡಿಸಬೇಕೆಂದು, ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬೇಕೇ? ಮುಂದೆ ಹೀಗಾಗದಂತೆ ಯಂತ್ರವನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ: ಬೋರ್ ಮಾಡಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಪಿಸ್ಟನ್ ರಿಂಗ್ ಸವೆದಿದ್ದರೆ ಹೊಗೆಗೆ ನೀಲಿ ಛಾಯೆ ಇರುತ್ತದೆ, ಎಂಜಿನ್ ಆಯಿಲ್ ಮಟ್ಟವೂ ಬೇಗ ಇಳಿಯುತ್ತದೆ. ನೀವು ಬರೆದಿರುವುದು ಕಪ್ಪು ಹೊಗೆಯ ವಿಚಾರ. ಎಂಜಿನ್ನಿಗೆ ಗಾಳಿ ಸಾಲದೆ ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಬರುವ ಹೊಗೆ ಅದು. ಹೆಚ್ಚಿನ ಕಡೆ ಅದರ ಮೂಲ ಏರ್ ಫಿಲ್ಟರಿನಲ್ಲಿಯೇ ಇರುತ್ತದೆ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಇನ್ನೂ ಖಾತ್ರಿಯಾಗುತ್ತದೆ. ಅದರ ತುದಿಯಲ್ಲಿ ಒಣ ಮಸಿ ಕಟ್ಟಿದ್ದರೆ ಗಾಳಿಯ ಕೊರತೆ, ಎಣ್ಣೆ ಒಸರಿ ಜಿಡ್ಡಾಗಿದ್ದರೆ ಮಾತ್ರ ರಿಂಗಿನ ಮೇಲೆ ಅನುಮಾನ ಪಡಬೇಕು. ಮಸಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆದು, ಎರಡು ತುದಿಗಳ ನಡುವಿನ ಅಂತರವನ್ನು 0.7ರಿಂದ 0.8 ಮಿಲಿಮೀಟರಿಗೆ ಸರಿಪಡಿಸಿ ಮತ್ತೆ ಕೂರಿಸಬಹುದು.

ನಮ್ಮ ಭಾಗದ ಕೆಂಪು ಮಣ್ಣು ಒಣಗಿದಾಗ ಏಳುವ ದೂಳು ಬಹಳ ನಯವಾದದ್ದು. ಕಟಾವಾದ ಹಿಪ್ಪುನೇರಳೆ ತೋಟದಲ್ಲಿ ನೆರಳೂ ಇಲ್ಲದೆ, ತೇವವೂ ಇಲ್ಲದೆ ಯಂತ್ರ ಅದೇ ದೂಳಿನ ನಡುವೆ ನಡೆಯುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಫಿಲ್ಟರ್ ಶುಚಿಗೆ ಹೇಳಿರುವ ಅವಧಿಯನ್ನು ನಂಬಿ ಕೂರದೆ, ಬೇಸಿಗೆಯ ದಿನಗಳಲ್ಲಿ ಪ್ರತಿದಿನದ ಕೆಲಸ ಮುಗಿದೊಡನೆ ಅದನ್ನು ತೆಗೆದು ನೋಡುವುದು ಒಳ್ಳೆಯದು. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕೆಲವು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಹೆಚ್ಚಿನದನ್ನು ತೆಗೆಯಬೇಕು. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಹಲವರಲ್ಲಿದೆ. ಅದರಿಂದ ಸ್ಪಂಜು ಹಾಳಾಗುತ್ತದೆ, ಬೆಂಕಿಯ ಅಪಾಯವೂ ಇದೆ. ಕಾಗದದ ಫಿಲ್ಟರನ್ನು ಎಂದೂ ತೊಳೆಯಬಾರದು, ಮೆಲ್ಲಗೆ ತಟ್ಟಿ ಕೊಡವಿ, ಮುಚ್ಚಿಕೊಂಡಿದ್ದರೆ ಹೊಸದನ್ನು ಹಾಕಿರಿ. ಬಟ್ಟಲಿನಲ್ಲಿ ಎಣ್ಣೆ ಇರುವ ಮಾದರಿಯಾದರೆ ತಳದಲ್ಲಿ ಕೆಸರು ನಿಂತ ಕೂಡಲೇ ಎಣ್ಣೆ ಬದಲಿಸಿ, ಗುರುತಿನ ಮಟ್ಟಕ್ಕೆ ಮಾತ್ರ ತುಂಬಿರಿ. ಬ್ಲೇಡ್ ನೋಡಲು ಯಂತ್ರವನ್ನು ವಾಲಿಸುವಾಗ ಫಿಲ್ಟರ್ ಇರುವ ಬದಿ ಮೇಲಿರಲಿ, ಇಲ್ಲವಾದರೆ ಆ ಎಣ್ಣೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಇಳಿಯುತ್ತದೆ.

ಬೇಗ ಚಾಲೂ ಆಗದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಒಂದು ಕಟಾವಿಗೂ ಮುಂದಿನದಕ್ಕೂ ನಡುವೆ ನಿಮ್ಮ ಯಂತ್ರ ಸುಮಾರು ಎರಡು ತಿಂಗಳು ಮೂಲೆಯಲ್ಲಿ ನಿಂತಿರುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯದಾದಂತೆ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ತೋಟದ ಕೆಲಸ ಮುಗಿದ ದಿನವೇ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಹೊರತೆಗೆದು ಬೈಕಿಗೆ ಹಾಕಿಕೊಳ್ಳಿ. ನಂತರ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ಮುಚ್ಚಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ, ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ ಎಳೆದು ಬಿಟ್ಟರೆ ವಾಲ್ವ್‌ಗಳು ಮುಚ್ಚಿಕೊಂಡು ಒಳಕ್ಕೆ ತೇವ ಸೇರುವುದು ಕಡಿಮೆಯಾಗುತ್ತದೆ. ಸದ್ಯ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇದ್ದರೆ ಅದನ್ನೂ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತಿರುವುದನ್ನೂ ಹೊರಬಿಟ್ಟು ಹೊಸದು ತುಂಬಿರಿ. ಫಿಲ್ಟರ್, ಪ್ಲಗ್, ಪೆಟ್ರೋಲ್ ಈ ಮೂರೂ ಸರಿಯಾದ ಮೇಲೂ ಎಂಜಿನ್ ಎಳೆಯದಿದ್ದರೆ ಆಗ ಮೆಕ್ಯಾನಿಕ್‌ಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷಿಸಲು ಹೇಳಿ. ಅದಕ್ಕೆ ಮೊದಲು ಬೋರ್ ಮಾಡಿಸಿದರೆ ಹಣ ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು.

ಎಂಜಿನ್ ಆಯಿಲ್ ಹೊಸ ಯಂತ್ರದಲ್ಲಿ ಮೊದಲ 20 ಗಂಟೆಯ ಕೆಲಸಕ್ಕೆ, ನಂತರ ನಮ್ಮ ದೂಳಿನಲ್ಲಿ ಸುಮಾರು 50 ಗಂಟೆಗೊಮ್ಮೆ ಬದಲಾಗಬೇಕು. ಎಂಜಿನ್ ಬೆಚ್ಚಗಿರುವಾಗ ಹೊರಬಿಟ್ಟರೆ ಕೊಳೆಯೂ ಜೊತೆಗೆ ಬರುತ್ತದೆ. ಓಡಿಸಿದ ಗಂಟೆಗಳನ್ನು ರೇಷ್ಮೆ ಹುಳು ಸಾಕಣೆ ಮನೆಯ ಕ್ಯಾಲೆಂಡರಿನಲ್ಲಿಯೇ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಎಂಜಿನ್ನನ್ನು ತಣಿಸುವ ಸುತ್ತಲಿನ ಲೋಹದ ರೆಕ್ಕೆಗಳ ನಡುವೆ ಕಸ, ದೂಳು ಸೇರಿದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಕಾದ ಎಂಜಿನ್ ಮೇಲೆ ಪೈಪಿನಿಂದ ನೀರು ಬಿಡಬೇಡಿ.

ಶಾಫ್ಟ್ ಬಳಿ ಜಿನುಗುತ್ತಿರುವುದು ಗೇರ್ ಆಯಿಲ್. ಕಳೆಯ ಬೇರು, ನಾರು, ಗೊಬ್ಬರದ ಚೀಲದ ದಾರ ಶಾಫ್ಟಿಗೆ ಸುತ್ತಿಕೊಂಡು, ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲಿನ ಅಂಚನ್ನು ಕತ್ತರಿಸುತ್ತವೆ. ಬ್ಲೇಡ್ ಸೆಟ್ ಕಳಚಿದರೆ ಅಲ್ಲಿ ಸುತ್ತಿಕೊಂಡ ದಾರ ನಿಮಗೇ ಕಾಣಬಹುದು. ಸೀಲ್ ಬದಲಿಸುವುದು ಸಣ್ಣ ಖರ್ಚಿನ ಕೆಲಸ, ತಡಮಾಡಿದರೆ ಎಣ್ಣೆ ಬತ್ತಿ ಗೇರುಗಳೇ ಸವೆಯುತ್ತವೆ. ಸೀಲ್ ಹಾಕಿದ ಮೇಲೆ ಕೈಪಿಡಿಯಲ್ಲಿ ಸೂಚಿಸಿದ ಗೇರ್ ಆಯಿಲನ್ನು ಮಟ್ಟಕ್ಕೆ ಸರಿಯಾಗಿ ತುಂಬಿರಿ. ಇನ್ನೊಂದು ಮಾತು: ಪೆಟ್ರೋಲ್ ತುಂಬುವುದನ್ನು ಬದುವಿನ ಆಚೆ ಇಟ್ಟುಕೊಳ್ಳಿ. ಪೆಟ್ರೋಲ್ ಅಥವಾ ಎಣ್ಣೆ ತಗುಲಿದ ಸೊಪ್ಪನ್ನು ಹುಳುವಿಗೆ ಹಾಕಬಾರದು.

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುತ್ತೇವೆ. ಬೆಳೆ ಮುಗಿದ ಮೇಲೆ ಟಿಲ್ಲರ್ ಹೊಡೆಯುವಾಗ ಮಲ್ಚಿಂಗ್ ಶೀಟ್ (ಮಣ್ಣಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ) ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಬ್ಲೇಡನ್ನು ಆಗಾಗ ಸಾಣೆ ಹಿಡಿಸಬೇಕೇ?

ಉತ್ತರ: ಸಾಣೆ ಹಿಡಿದ ಬ್ಲೇಡಿಗೂ ಶೀಟ್ ಸುತ್ತಿಕೊಳ್ಳುತ್ತದೆ. ಶೀಟು, ಡ್ರಿಪ್ ಪೈಪು, ಗಿಡ ಕಟ್ಟಿದ ದಾರ ಇವುಗಳನ್ನು ಮೊದಲು ಹೊಲದಿಂದ ಪೂರ್ತಿ ಎತ್ತಿಸಿದ ನಂತರವೇ ಯಂತ್ರ ಇಳಿಸಿರಿ. ಸುತ್ತಿಕೊಂಡದ್ದನ್ನು ಬಿಡಿಸುವಾಗ ಎಂಜಿನ್ ನಿಲ್ಲಿಸಿದರೆ ಸಾಲದು, ಪೆಟ್ರೋಲ್ ಎಂಜಿನ್ ಆದರೆ ಪ್ಲಗ್ಗಿನ ಕ್ಯಾಪನ್ನೂ ಕಿತ್ತಿಡಿ. ಬ್ಲೇಡ್ ಕೈಯಿಂದ ತಿರುಗಿಸುವಾಗ ಎಂಜಿನ್ ಒಮ್ಮೆಗೇ ಹತ್ತಿಕೊಂಡರೆ ಬೆರಳು ಉಳಿಯುವುದಿಲ್ಲ.

ಗರಸು ಮಣ್ಣಿನಲ್ಲಿ ಸಾಣೆಯ ಹರಿತ ಹೆಚ್ಚು ಕಾಲ ನಿಲ್ಲುವುದಿಲ್ಲ. ಗ್ರೈಂಡರಿನಲ್ಲಿ ಕೆಂಪಗೆ ಕಾಯುವಷ್ಟು ಉಜ್ಜಿದರೆ ಉಕ್ಕಿನ ಗಡಸುತನವೇ ಹೋಗಿ ಬ್ಲೇಡ್ ಇನ್ನೂ ಬೇಗ ಸವೆಯುತ್ತದೆ. ಹೊಸ ಬ್ಲೇಡನ್ನು ಪಕ್ಕಕ್ಕಿಟ್ಟು ನೋಡಿ, ಹಳೆಯದರ ಅಗಲ ಅರ್ಧಕ್ಕೆ ಇಳಿದಿದ್ದರೆ ಎರಡೂ ಕಡೆಯ ಇಡೀ ಸೆಟ್ಟನ್ನು ಒಟ್ಟಿಗೆ ಬದಲಿಸಿರಿ. ಒಂದೆರಡನ್ನು ಮಾತ್ರ ಬದಲಿಸಿದರೆ ತೂಕ ಹೊಂದದೆ ಯಂತ್ರ ನಡುಗುತ್ತದೆ. ಎಡದ ಬ್ಲೇಡ್ ಬಲಕ್ಕೆ ಹೋಗದಂತೆ, ಹರಿತದ ಅಂಚು ತಿರುಗುವ ದಿಕ್ಕಿಗೆ ಇರುವಂತೆ ಕೂರಿಸಿ, ಒಂದು ಗಂಟೆ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಸ್ಪ್ಯಾನರಿನಿಂದ ಬಿಗಿ ಮಾಡಿರಿ. ಕಳೆದುಹೋದ ಬೋಲ್ಟಿಗೆ ಬದಲಾಗಿ ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟ್ ಹಾಕಬೇಡಿ, ಕಲ್ಲಿಗೆ ತಗುಲಿದರೆ ಅದು ತುಂಡಾಗುತ್ತದೆ. ಆ ಯಂತ್ರಕ್ಕೆಂದೇ ಸೂಚಿಸಿದ ಗಟ್ಟಿ ಬೋಲ್ಟನ್ನೇ ಕೇಳಿ ತನ್ನಿ.