ಖಾಸಗಿ ಪೈಲಟ್‌ಗೆ ಯಾವ ಫ್ಲೈಟ್ ಪ್ಲಾನಿಂಗ್ ಆ್ಯಪ್ ಒಳ್ಳೆಯದು?

ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ ಹಾರಲು ಯಾವ ಆ್ಯಪ್‌ಗೆ ದುಡ್ಡು ಹಾಕಲಿ ಎಂದು ಕೇಳಿದ್ದೀರಿ. ಅದರಲ್ಲಿ ಭಾರತದ ಮಾಹಿತಿ ಇದೆಯೇ ಎಂಬುದನ್ನು ಮೊದಲು ನೋಡಿ. ಸ್ಕೈಡೆಮನ್ ಆ್ಯಪ್ ಸೊಗಸಾಗಿದೆ, ಆದರೆ ಅದು ಮುಖ್ಯವಾಗಿ ಯುರೋಪಿನವರಿಗೆ. ಫೋರ್‌ಫ್ಲೈಟ್ ಆ್ಯಪ್‌ಗೆ ಐಪ್ಯಾಡ್ ಅಥವಾ ಐಫೋನ್ ಬೇಕು, ಆಂಡ್ರಾಯ್ಡ್‌ನಲ್ಲಿ ಇಲ್ಲ.

ಚಂದಾ ಕಟ್ಟುವ ಮುಂಚೆ ಜಕ್ಕೂರನ್ನೇ ತೆರೆದು ನೋಡಿ. ಪಕ್ಕದ ಯಲಹಂಕ ವಾಯುನೆಲೆ, ದೇವನಹಳ್ಳಿ, ಎಚ್‌ಎಎಲ್ ವಾಯುಪ್ರದೇಶದ ಗಡಿಗಳು ಸರಿಯಾಗಿವೆಯೇ? ವಿಮಾನ ನಿಲ್ದಾಣ ಪ್ರಾಧಿಕಾರದ ಇ-ಎಐಪಿ (ವಾಯುಯಾನದ ಅಧಿಕೃತ ಆನ್‌ಲೈನ್ ಮಾಹಿತಿ ಕೈಪಿಡಿ) ಜೊತೆ ತಾಳೆ ಹಾಕಿ. ಏರಾಕ್ ಮಾಹಿತಿ (ನಿಗದಿತ ದಿನಗಳಂದು ಜಾರಿಗೆ ಬರುವ ವಾಯುಯಾನ ಮಾಹಿತಿ) 28 ದಿನಕ್ಕೊಮ್ಮೆ ಬದಲಾಗುತ್ತದೆ, ಹಳೇ ನಕ್ಷೆ ನಂಬಿ ಹೊರಡಬೇಡಿ.

ಆಮೇಲೆ ಗಾಳಿಯ ಲೆಕ್ಕ. ಜಕ್ಕೂರಿನಿಂದ ಮೈಸೂರು ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 75 ನಾಟಿಕಲ್ ಮೈಲಿ. 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ವೇಗದಲ್ಲಿ 45 ನಿಮಿಷ. 20 ನಾಟ್ ಎದುರುಗಾಳಿ ಬಂದರೆ 56. ಈ 11 ನಿಮಿಷದ ಇಂಧನವನ್ನು ಆ್ಯಪ್ ತಾನಾಗಿಯೇ ಸೇರಿಸುತ್ತದೆಯೇ ಎಂದು ಪರೀಕ್ಷಿಸಿ. ನಾನಂತೂ ಹೊರಡುವ ಮುನ್ನ ಕಾಗದದ ಮೇಲೂ ಒಮ್ಮೆ ಲೆಕ್ಕ ಹಾಕುತ್ತೇನೆ. ಮೈಸೂರಿಗೆ ಹೊರಟರೆ ಬೇಕಾಗುವ ಎಡಿಸಿ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಸಂಖ್ಯೆಗಳನ್ನು ಮಾತ್ರ ಫ್ಲೈಟ್ ಪ್ಲಾನ್ ಸಲ್ಲಿಸಿ ಅಧಿಕಾರಿಗಳಿಂದಲೇ ಪಡೆಯಬೇಕು.