ಜರ್ಮನಿಯ ಬಾಡಿಗೆ ಮನೆ: ಠೇವಣಿಯನ್ನು ಒಮ್ಮೆಗೇ ಕೊಡಬೇಕಿಲ್ಲ

ಕರಾರಿಗೆ ಸಹಿಯಾಗಿದೆ, ಮುಂದಿನ ತಿಂಗಳು ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೇನೆ, ಮಾಲೀಕರು ಮೂರು ತಿಂಗಳ ಠೇವಣಿಯನ್ನೂ ಮೊದಲ ಬಾಡಿಗೆಯನ್ನೂ ಒಟ್ಟಿಗೆ ಕೇಳುತ್ತಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ.

ಮೂರು ತಿಂಗಳ ಠೇವಣಿ ಇಲ್ಲಿ ಸಾಮಾನ್ಯ. ಅದನ್ನು ಒಂದೇ ಬಾರಿಗೆ ವಸೂಲು ಮಾಡುವ ಹಕ್ಕು ಮಾತ್ರ ಅವರಿಗಿಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 551ನೇ ಕಲಂ ನಿಮಗೆ ಮೂರು ಸಮ ಕಂತುಗಳ ಹಕ್ಕು ಕೊಟ್ಟಿದೆ: ಮೊದಲನೆಯದು ಬಾಡಿಗೆ ಅವಧಿ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆಗೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೂ ಆ ಷರತ್ತು ಊರ್ಜಿತವಾಗುವುದಿಲ್ಲ. ಮೊದಲ ಸಂಬಳ ಕೈಸೇರುವ ಮುನ್ನವೇ ಹೊಸಬರು ಉಳಿತಾಯವನ್ನೆಲ್ಲ ಬರಿದು ಮಾಡಿಕೊಳ್ಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ತಿಂಗಳಲ್ಲೇ ಹಾಸಿಗೆಯಿಂದ ಹಿಡಿದು ದೀಪದವರೆಗೆ ಎಲ್ಲಕ್ಕೂ ಹಣ ಬೇಕಾಗುತ್ತದೆ.

ಲೆಕ್ಕವನ್ನೂ ನೋಡಿಕೊಳ್ಳಿ. ಠೇವಣಿಯ ಮಿತಿ ನಿಲ್ಲುವುದು ಕಾಲ್ಟ್‌ಮೀಟೆಯ ಮೇಲೆ, ಅಂದರೆ ಬಿಸಿಯೂಡಿಕೆ, ನೀರು ಮುಂತಾದ ಖರ್ಚುಗಳ ಮುಂಗಡ ಸೇರದ ಬಾಡಿಗೆಯ ಮೇಲೆ. ಅದು 900 ಯೂರೊ ಇದ್ದರೆ ಠೇವಣಿ 2,700 ಯೂರೊ ಮೀರುವಂತಿಲ್ಲ.

ಆ ಹಣ ಎಲ್ಲಿರುತ್ತದೆ ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನೀವು ಕೇಳಲೇಬೇಕು. ಮಾಲೀಕರು ಅದನ್ನು ತಮ್ಮ ಸ್ವಂತ ಹಣದಿಂದ ಬೇರ್ಪಡಿಸಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅವರು ದಿವಾಳಿಯಾದರೂ ಅವರಿಗೆ ಸಾಲ ಕೊಟ್ಟವರ ಕೈ ನಿಮ್ಮ ಠೇವಣಿಗೆ ತಾಗಬಾರದು ಎಂಬುದೇ ಇದರ ಉದ್ದೇಶ. ಬಡ್ಡಿ ಬಂದರೆ ಅದೂ ನಿಮ್ಮದೇ. ಇಂಥ ಸುರಕ್ಷಿತ ಖಾತೆಯ ವಿವರ ಕೊಡುವವರೆಗೆ ಠೇವಣಿಯನ್ನು ತಡೆಹಿಡಿಯಬಹುದು ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2010ರಲ್ಲಿ ಹೇಳಿದೆ. ಮಾಲೀಕರನ್ನು ಅನುಮಾನಿಸಿದಂತಾಗುತ್ತದೆ ಎಂಬ ಸಂಕೋಚ ಬೇಡ. ನೇರವಾಗಿ ನಡೆದುಕೊಳ್ಳುವ ಮಾಲೀಕರು ಖಾತೆಯ ವಿವರವನ್ನು ಸಂತೋಷದಿಂದ ಕೊಡುತ್ತಾರೆ.

ಜಗಳದ ದನಿ ಬೇಡ. ‘ಕಾನೂನಿನಂತೆ ಮೂರು ಕಂತುಗಳಲ್ಲಿ ಪಾವತಿಸುತ್ತೇನೆ, ದಯವಿಟ್ಟು ಠೇವಣಿ ಖಾತೆಯ ವಿವರ ತಿಳಿಸಿ’ ಎಂದು ಎರಡು ಸಾಲಿನ ಇಮೇಲ್ ಬರೆದರೆ ಸಾಕು. ಒಪ್ಪದಿದ್ದರೆ ಊರಿನ ಬಾಡಿಗೆದಾರರ ಸಂಘದ ಸದಸ್ಯರಾಗಿ. ಅವರಲ್ಲಿ ವಕೀಲರ ಸಲಹೆ ಸಿಗುತ್ತದೆ. ಆದರೆ ಕಂತು ತಪ್ಪಿಸಬೇಡಿ. ಎರಡು ತಿಂಗಳ ಕಾಲ್ಟ್‌ಮೀಟೆಯಷ್ಟು ಠೇವಣಿ ಬಾಕಿ ಉಳಿದರೆ ನೋಟಿಸ್ ಅವಧಿಯಿಲ್ಲದೆ ಕರಾರನ್ನು ರದ್ದುಪಡಿಸಲು ಮಾಲೀಕರಿಗೆ ಅವಕಾಶವಿದೆ.

ಎಲ್ಲವನ್ನೂ ಬ್ಯಾಂಕ್ ಮೂಲಕವೇ ಕಳುಹಿಸಿ, ‘ಠೇವಣಿ, ಮೊದಲ ಕಂತು’ ಎಂದು ನಮೂದಿಸಿ. ಬೀಗದ ಕೈ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ಮೀಟರ್ ಅಂಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ. ಮನೆ ಬಿಡುವಾಗ ಠೇವಣಿಯಿಂದ ಏನನ್ನು ಕಳೆಯಬಹುದು ಎಂಬ ಮಾತು ಬಂದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಅದೇ.