ಮಂಗಳೂರಿಗೇಕೆ ಓಡುತ್ತೀರಿ ಎಂದು ಕೇಳಿದ ಗೆಳೆಯನಿಗೆ

ದೇಶದಲ್ಲೇ ಒಳ್ಳೆಯ ಆರೋಗ್ಯ ವ್ಯವಸ್ಥೆಯಿರುವ ಕೇರಳದಲ್ಲಿದ್ದುಕೊಂಡು, ಕಾಯಿಲೆಯ ಮಗುವನ್ನೆತ್ತಿಕೊಂಡು ಮಂಗಳೂರಿಗೆ ಓಡುವುದೇಕೆ, ಬೆಂಗಳೂರಿಗೆ ಬಂದು ನೆಲೆಸಬಾರದೇ ಎಂದು ಕೇಳಿದ್ದೀಯ. ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಆಸುಪಾಸಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿದರೂ ಮದುವೆಯ ಜವಳಿಗೆ, ಕಾಲೇಜಿಗೆ, ಆಸ್ಪತ್ರೆಗೆ ನಮಗಿರುವ ಪೇಟೆ ಮಂಗಳೂರೇ. ತಿರುವನಂತಪುರ ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ನಮಗಂತೂ ದೂರವೆಂಬುದು ಜೀವದ ಪ್ರಶ್ನೆ. ದಿನ ತುಂಬುವ ಮೊದಲೇ ಹುಟ್ಟಿದ ಮಗಳ ತಲೆಯಲ್ಲಿ ನೀರು ತುಂಬಿಕೊಂಡದ್ದರಿಂದ, ಮಿದುಳಿನಿಂದ ಹೊಟ್ಟೆಯವರೆಗೆ ಚರ್ಮದಡಿಯಲ್ಲಿ ಶಂಟ್ ಎಂಬ ಸಣ್ಣ ಕೊಳವೆಯನ್ನು ಇಳಿಸಿದ್ದಾರೆ. ಅದು ಕಟ್ಟಿಕೊಂಡರೆ ವಾಂತಿ, ಮಂಪರು ಶುರುವಾಗುತ್ತದೆ. ತಡಮಾಡದೆ ನರಶಸ್ತ್ರಚಿಕಿತ್ಸಕರ ಮುಂದೆ ಮಗುವನ್ನು ಮಲಗಿಸಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾಲಕ್ಕೆ ಕರ್ನಾಟಕ ತಲಪಾಡಿಯಲ್ಲಿ ಗಡಿಯನ್ನು ಮುಚ್ಚಿ, ಆಂಬುಲೆನ್ಸುಗಳನ್ನೂ ತಡೆದು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತಲ್ಲ, ಆಗ ದಾರಿ ಸಿಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ಅಂದಿನಿಂದ ತಲಪಾಡಿ ದಾಟುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ಹಾಗೆಂದು ಕೇರಳವನ್ನು ದೂರಿದರೆ ನಾನು ಕೃತಘ್ನನಾಗುತ್ತೇನೆ. ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಬಾಗಿಲಿಗೆ ಬರುತ್ತಾರೆ. ಬುದ್ಧಿಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗಾಗಿ ಪಂಚಾಯತೇ ನಡೆಸುವ ಬಡ್ಸ್ ಶಾಲೆ ನಮ್ಮಲ್ಲಿದೆ. ಪೆರ್ಲ ಎಂದೊಡನೆ ಎಲ್ಲರೂ ಎಂಡೋಸಲ್ಫಾನ್ ಎನ್ನುತ್ತಾರೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕಕ್ಕೂ ನನ್ನ ಮಗಳ ಸ್ಥಿತಿಗೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೆ ಇಂಥ ಮಕ್ಕಳನ್ನು ಮರೆಯಲ್ಲಿಡದೆ ಸೊಂಟದ ಮೇಲೆ ಕೂರಿಸಿಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಹಕ್ಕು ಕೇಳುವುದನ್ನು ನಾವು ಕಲಿತದ್ದು ಇಲ್ಲಿನ ಎಂಡೋಸಲ್ಫಾನ್ ಪೀಡಿತ ಮಕ್ಕಳ ತಾಯಂದಿರಿಂದ.

ನಮ್ಮ ನಿಜವಾದ ಗೋಜಲು ಬೇರೆ. ಫಿಟ್ಸಿನ ಔಷಧಿ, ಕಣ್ಣಿನ ತಪಾಸಣೆ, ಫಿಸಿಯೋಥೆರಪಿ ಎಲ್ಲವೂ ಹೇಗೋ ಸಾಗುತ್ತದೆ. ಆದರೆ ಮಗಳಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆಯುವ ದಿನ ಬಂತೆಂದರೆ ನನ್ನ ಹೆಂಡತಿಗೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯಲ್ಲಿ ನಾವಾಡುವುದು ಕನ್ನಡ, ನೆರೆಯವರೊಡನೆ ತುಳು. ಮಗಳಿಗೆ ಈಗ ಐದು ವರ್ಷ, ಮಾತು ಇನ್ನೂ ಬಿಡಿಬಿಡಿ ಪದಗಳಲ್ಲೇ ಇದೆ. ನಮ್ಮ ಜಿಲ್ಲೆಯ ಒಂದು ಕೇಂದ್ರದಲ್ಲಿ ಪರೀಕ್ಷಿಸಿದವರು ಮನಸ್ಸಿನಿಂದ ಒಳ್ಳೆಯವರು, ಮಗುವನ್ನು ಮುದ್ದಿನಿಂದ ಮಾತನಾಡಿಸಿದರು, ಆದರೆ ಮಲಯಾಳದಲ್ಲಿ. ಚೆಂಡನ್ನು ಅಪ್ಪನಿಗೆ ಕೊಡು ಎಂದು ಅವರು ಹೇಳಿದಾಗ ಅವಳು ಅವರ ತುಟಿಯನ್ನೇ ನೋಡುತ್ತ, ಚೆಂಡನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಕುಳಿತಳು. ಅದನ್ನೇ ನನ್ನ ಹೆಂಡತಿ ಕನ್ನಡದಲ್ಲಿ ಹೇಳಿದಳು. ಎಡಗೈಯ ಬಿಗಿತದಿಂದ ಎರಡು ಬಾರಿ ಜಾರಿದರೂ ಮಗಳು ಚೆಂಡನ್ನು ಉರುಳಿಸಿಕೊಂಡು ಬಂದು ನನ್ನ ಕಾಲಿಗೆ ತಾಗಿಸಿದಳು. ಅಷ್ಟರಲ್ಲಿ ಫಾರ್ಮಿನ ಆ ಸಾಲಿನಲ್ಲಿ ಇಲ್ಲವೆಂದು ಗುರುತು ಬಿದ್ದಾಗಿತ್ತು. ತಾಯಿ ಹೇಳಿಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ ಎಂದರು.

ಮಂಗಳೂರಿನಲ್ಲಿ ಕನ್ನಡದಲ್ಲಿ ಪರೀಕ್ಷಿಸಿದವರು ಅವಳ ಗ್ರಹಿಕೆ ಮಾತಿಗಿಂತ ಎಷ್ಟೋ ಮುಂದಿದೆ ಎಂದು ಬರೆದುಕೊಟ್ಟರು. ಈಗ ಫೈಲಿನಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ವರದಿಗಳಿವೆ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಇಲ್ಲಿನ ಕಚೇರಿಯವರು ಹೊರರಾಜ್ಯದ ಕಾಗದ ಸಾಲದು ಎನ್ನುತ್ತಾರೆ. ಮಂಗಳೂರಿನ ಕೌಂಟರಿನಲ್ಲಿ ನಮ್ಮ ರೇಷನ್ ಕಾರ್ಡನ್ನು ತಿರುಗಿಸಿ ನೋಡಿ, ಕೇರಳದವರಿಗೆ ನಮ್ಮ ಯೋಜನೆ ಇಲ್ಲ ಎನ್ನುತ್ತಾರೆ. ಇಲ್ಲಿ ಕನ್ನಡದವರಾಗಿ, ಅಲ್ಲಿ ಕೇರಳದವರಾಗಿ, ನಾವು ಎರಡೂ ಕಡೆ ಹೊರಗೆ ನಿಲ್ಲುತ್ತೇವೆ. ನನಗೆ ಕೋಪ ಬರುವುದು ಸೌಲಭ್ಯ ತಪ್ಪಿದ್ದಕ್ಕಿಂತ ಹೆಚ್ಚಾಗಿ, ತಿಳಿವಳಿಕೆಯುಳ್ಳ ಮಗುವನ್ನು ತಿಳಿವಳಿಕೆಯಿಲ್ಲದವಳೆಂದು ಬರೆದು ಮೊಹರು ಒತ್ತಿದ್ದಕ್ಕೆ.

ಊರು ಬಿಡುವ ಮಾತನ್ನು ಇನ್ನು ಎತ್ತಬೇಡ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ರಾಜ್ಯಗಳ ಗಡಿವಿವಾದಕ್ಕಾಗಿ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು; ಅದು ಆಗಲಿಲ್ಲ, ಆದರೂ ನಾವಿರುವುದು ನಮ್ಮ ನೆಲದಲ್ಲೇ. ರಾತ್ರಿ ಮಗಳಿಗೆ ಫಿಟ್ಸ್ ಬಂದರೆ ಕರೆಯುವ ಮೊದಲೇ ಜೀಪು ಹೊರಡಿಸುವ ನೆರೆಮನೆಯ ಬ್ಯಾರಿ ಅಣ್ಣ ಇಲ್ಲಿದ್ದಾರೆ, ಅವಳ ನಗುವಿನಲ್ಲೇ ಹಸಿವನ್ನು ಗುರುತಿಸುವ ನನ್ನಮ್ಮ ಇಲ್ಲಿದ್ದಾರೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇವರನ್ನು ಎಲ್ಲಿಂದ ತರಲಿ?

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿ ಬರೆಯುವ ಕೈಗೆ ಈ ಹಕ್ಕಿದ್ದರೆ, ಚೆಂಡು ಹಿಡಿದು ಕುಳಿತ ಮಗುವಿಗೆ ಏಕಿರಬಾರದು? ಮರುಪರೀಕ್ಷೆಯನ್ನು ಕನ್ನಡ ಬಲ್ಲವರ ಮುಂದೆ ನಡೆಸಬೇಕೆಂದು ಆ ಕಾಯ್ದೆಯನ್ನೇ ಉಲ್ಲೇಖಿಸಿ ಅರ್ಜಿ ಕೊಟ್ಟಿದ್ದೇನೆ. ನಿನಗೆ ಸಹಾಯ ಮಾಡುವ ಮನಸ್ಸಿದ್ದರೆ, ವಿಡಿಯೋ ಕರೆಯಲ್ಲಿ ಕನ್ನಡದಲ್ಲೇ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಬೆಂಗಳೂರಿನಲ್ಲಿ ಯಾರಾದರೂ ಸಿಗುತ್ತಾರೆಯೇ ವಿಚಾರಿಸು. ಬೆಳಿಗ್ಗೆಯ ಹೊತ್ತಾದರೆ ಒಳ್ಳೆಯದು. ಮಧ್ಯಾಹ್ನದ ಔಷಧಿ ಕುಡಿದ ಮೇಲೆ ಅವಳು ನಿದ್ದೆಹೋಗುತ್ತಾಳೆ.